ಅಕ್ಕೋರ ಕಾರಿನ ದೊಡ್ಡ ಗಾಲಿಗಳು

ಅಕ್ಕೋರ ಕಾರನ್ನು ಮೊದಲ ಸಲ ನೋಡಿದವರು ನಗುತ್ತಿದ್ದರು. ಆಮೇಲೆ ಒಳಗೆ ಕುಳಿತವರ ಮುಖ ನೋಡಿ ನಗುವನ್ನು ನುಂಗಿಕೊಳ್ಳುತ್ತಿದ್ದರು. ಕಾರು ಬಿಳಿಯದು, ಸಣ್ಣದು, ಹಿಂದೆ ಕೂತವರ ಮಂಡಿ ಗದ್ದಕ್ಕೆ ಬರುವಂಥದ್ದು. ಅದರ ಕೆಳಗಿದ್ದ ಗಾಲಿಗಳು ಮಾತ್ರ ಯಾವುದೋ ದೊಡ್ಡ ಗಾಡಿಯಿಂದ ಬಿಚ್ಚಿ ತಂದ ಹಾಗಿದ್ದವು. ನಮ್ಮ ಶಾಲೆಯ ಜವಾನ ಅದಕ್ಕೆ ಎಮ್ಮಿಕಾಲಿನ ಆಡು ಎಂದು ಹೆಸರಿಟ್ಟಿದ್ದ. ಅದು ಅಕ್ಕೋರ ಕಿವಿಗೂ ಬಿತ್ತು. ಸಿಟ್ಟಾಗುತ್ತಾರೆಂದು ನಾವೆಲ್ಲ ಕಾದರೆ, ಅವರು ಚಹದ ಲೋಟ ಕೆಳಗಿಟ್ಟು, "ಆಡಾದ್ರ ಏನಾತು, ಕೆಸರಾಗ ಹುಗಿಯಂಗಿಲ್ಲಲ್ಲ" ಎಂದು ಪೀರಿಯಡ್ಡಿಗೆ ಎದ್ದು ಹೋದರು.

ಅವರು ತೀರಿಕೊಂಡರೆಂದು ನನಗೆ ಗೊತ್ತಾಗುವ ಹೊತ್ತಿಗೆ ಮಣ್ಣೂ ಆಗಿ, ಮನೆಗೆ ಬೀಗವೂ ಬಿದ್ದಿತ್ತು. ನಾನು ವರ್ಗವಾಗಿ ಕೊಪ್ಪಳಕ್ಕೆ ಬಂದು ವರ್ಷಗಳಾಗಿದ್ದವು. ಯಾವುದೋ ಕೆಲಸಕ್ಕೆ ಗಂಗಾವತಿಗೆ ಹೋದಾಗ ಕಾಯಿಪಲ್ಲೆ ಮಾರ್ಕೆಟ್ಟಿನಲ್ಲಿ ಹಳೆಯ ಶಾಲೆಯ ಗಣಿತದ ಮಾಸ್ತರರು ಸಿಕ್ಕರು. ಬದನೆಕಾಯಿ ಆರಿಸುತ್ತಲೇ ಹೇಳಿದರು. ಎದೆಯಲ್ಲಿ ನೋವು ಕಾಣಿಸಿದಾಗ ಅಕ್ಕೋರು ತಾವೇ ಕಾರು ನಡೆಸಿಕೊಂಡು ಆಸ್ಪತ್ರೆಗೆ ಹೋದರಂತೆ. ಎದುರು ಮನೆಯವರು ಜೊತೆಗೆ ಬರುತ್ತೇವೆ ಎಂದರೆ ಬೇಡವೆಂದರಂತೆ. ಆಸ್ಪತ್ರೆಯ ಗೇಟಿಗೆ ಅಡ್ಡವಾಗದಂತೆ ಕಾರನ್ನು ಸರಿಯಾಗಿ ನಿಲ್ಲಿಸಿ, ಬಾಗಿಲಿನ ಕನ್ನಡಿ ಮಡಚಿ, ನಡೆದುಕೊಂಡು ಒಳಗೆ ಹೋದರಂತೆ. ಮರುದಿನ ಹೋಗಿಬಿಟ್ಟರು. "ಭಾಳ ಗಟ್ಟಿ ಹೆಣ್ಮಗಳ್ರೀ" ಎಂದು ಮಾಸ್ತರರು ಮೆಚ್ಚಿಕೊಂಡರು. ನನಗೆ ಮೈಯೆಲ್ಲ ಉರಿಯಿತು. ಒಬ್ಬಂಟಿ ಹೆಂಗಸು ಎದೆ ನೋವಿನಲ್ಲಿ ತಾನೇ ಕ್ಲಚ್ಚು ಒತ್ತಿಕೊಂಡು ಆಸ್ಪತ್ರೆಗೆ ಹೋದದ್ದರಲ್ಲಿ ಮೆಚ್ಚುವಂಥದ್ದೇನಿದೆ? ಬದನೆಕಾಯಿ ಕೊಳ್ಳದೆ ಬಸ್ಸು ಹತ್ತಿದೆ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆಲ್ಲ ಅಕ್ಕೋರು ಎನ್ನುತ್ತಾರೆ. ನನಗೂ ಅನ್ನುತ್ತಾರೆ. ಆದರೆ ಆ ಶಾಲೆಯಲ್ಲಿ ಹೆಸರು ಹಚ್ಚದೆ ಬರೀ ಅಕ್ಕೋರು ಎಂದರೆ ಅವರೊಬ್ಬರೇ. ನಾನೂ ಹಾಗೇ ಕರೆದೆ, ಇಲ್ಲಿಯೂ ಹಾಗೇ ಕರೆಯುತ್ತೇನೆ. ಅವರು ಹಿಂದಿ ಕಲಿಸುತ್ತಿದ್ದರು, ನಾನು ಕನ್ನಡ. ಗಂಗಾವತಿಯಿಂದ ಮರಳಿ ಎಂಬ ಊರಿನ ಕಡೆ ಹೋಗಿ, ಕಾಲುವೆ ದಂಡೆ ಹಿಡಿದರೆ ಸಿಗುವ ಹಳ್ಳಿಯ ಹೈಸ್ಕೂಲು. ದಪ್ಪ ಗಾಜಿನ ಕನ್ನಡಕ, ತಿಳಿ ಬಣ್ಣದ ಕಾಟನ್ ಸೀರೆ, ಬೋಳು ಹಣೆ. ಮದುವೆಯಾಗಿ ಸ್ವಲ್ಪ ದಿನಕ್ಕೇ ಗಂಡ ಹೋದರಂತೆ. ಆ ಮನುಷ್ಯನ ಬಗ್ಗೆ ಅಕ್ಕೋರ ಬಾಯಿಂದ ನಾನು ಕೇಳಿದ್ದು ಒಂದೇ ಮಾತು: "ಭಾಳ ಮಾತಾಡ್ತಿದ್ರು." ಅದನ್ನು ದೂರಿನ ಹಾಗೆ ಹೇಳಿದರೋ ನೆನಪಿನ ಹಾಗೆ ಹೇಳಿದರೋ ತಿಳಿಯಲಿಲ್ಲ.

ನಾನು ಕೂಡು ಕುಟುಂಬದವಳು. ಅತ್ತೆ, ಮಾವ, ಮೈದುನರು, ಅವರ ಹೆಂಡಂದಿರು, ಮಕ್ಕಳು. ನಮ್ಮ ಮನೆಯಲ್ಲಿ ಬಚ್ಚಲಿಗೆ ಹೋಗಲೂ ಪಾಳಿ ಹಚ್ಚಬೇಕು. ಹಾಗಾಗಿ ಮೊದಮೊದಲು ಅಕ್ಕೋರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅದನ್ನು ಬಾಯಿಬಿಟ್ಟು ಹೇಳಿಯೂ ಇದ್ದೆ. "ನಿಮ್ಮದ ಆರಾಮ ನೋಡ್ರಿ ಅಕ್ಕೋರ, ಕೇಳಾವ್ರಿಲ್ಲ, ಹೇಳಾವ್ರಿಲ್ಲ." ಅವರು ಎಂದಿನಂತೆ, "ಆತು ಬಿಡ್ರಿ" ಎಂದರು. ಯಾವ ಮಾತು ಮುಂದುವರಿಯುವುದು ಬೇಡವೋ ಅದಕ್ಕೆಲ್ಲ ಅವರದು ಇದೇ ಬೀಗ. ಶನಿವಾರ ಅರ್ಧ ದಿನದ ಶಾಲೆ ಬಿಟ್ಟರೆ ನಾವೆಲ್ಲ ಗಂಟೆಯ ಸದ್ದು ಅಡಗುವ ಮೊದಲೇ ಗೇಟಿನಾಚೆ ಇರುತ್ತಿದ್ದೆವು. ಅಕ್ಕೋರು ಮಾತ್ರ ಮುಂದಿನ ವಾರ ತಿದ್ದಿದರೂ ನಡೆಯುವ ಪೇಪರುಗಳನ್ನು ಹರಡಿಕೊಂಡು ಕೂರುತ್ತಿದ್ದರು. ಜವಾನ ಕೀಲಿಕೈ ಅಲ್ಲಾಡಿಸುತ್ತ ಬಾಗಿಲಲ್ಲಿ ನಿಂತ ಮೇಲೆಯೇ ಏಳುವುದು.

ಅವರ ಬದುಕಿನಲ್ಲಿ ಒಂದು ಹುಡುಗಿ ಇದ್ದಳು. ಕುಷ್ಟಗಿ ಕಡೆಯ ಹಳ್ಳಿಯಲ್ಲಿದ್ದ ಅವರ ಅಕ್ಕನ ಎರಡನೆಯ ಮಗಳು. ಎಂಟನೆಯ ಇಯತ್ತೆಗೆಂದು ಗಂಗಾವತಿಗೆ ಬಂದವಳು ಅಕ್ಕೋರ ಮನೆಯಲ್ಲಿಯೇ ಬೆಳೆದಳು. ಚಿಕ್ಕಮ್ಮನನ್ನು ಚಿಗವ್ವ, ಚಿಗವ್ವ ಎನ್ನುತ್ತ ಇವರ ಸೆರಗಿಗೇ ಅಂಟಿಕೊಂಡಿದ್ದಳು. ಆ ದಿನಗಳಲ್ಲಿ ಅಕ್ಕೋರ ಹತ್ತಿರ ಒಂದು ಸಣ್ಣ ಮೊಪೆಡ್ ಇತ್ತು. ಹಿಂದೆ ಕೂತ ಹುಡುಗಿ ಊರೆಲ್ಲ ಕೇಳುವಂತೆ ಮಾತಾಡುವಳು, ಮುಂದೆ ಕೂತವರು ತಲೆಯಾಡಿಸುವರು. ಹುಡುಗಿ ನರ್ಸಿಂಗ್ ಕಲಿಯಲು ಬಳ್ಳಾರಿಯ ಹಾಸ್ಟೆಲ್ಲಿಗೆ ಹೋದ ವರ್ಷವೇ ಅಕ್ಕೋರು ಡಾಕ್ಟರೊಬ್ಬರು ಮಾರಿದ ಹಳೆಯ ಕಾರು ಕೊಂಡರು. ಒಬ್ಬರೇ ಇರುವವರಿಗೆ ಕಾರು ಯಾಕೆ ಎಂದು ಸ್ಟಾಫ್ ರೂಮೆಲ್ಲ ಕೇಳಿತು. "ಒಬ್ಬಾಕಿ ಇದ್ರೂ ಮಳಿ ಅಂತೂ ಬರತೈತಿ" ಎಂದರು. ನನಗೊಬ್ಬಳಿಗೆ ಮಾತ್ರ ನಿಜ ಕಾರಣ ಹೇಳಿದರು, ಅದೂ ಕೈ ತೊಳೆಯುವ ನಲ್ಲಿಯ ಹತ್ತಿರ, ನೀರು ಬಿಟ್ಟುಕೊಂಡು. "ಆ ಹುಡುಗೀನ್ನ ಗಂಡನ ಮನೀಗೆ ನಾನ ಕರಕೊಂಡು ಹೋಗಿ ಬಿಡಬೇಕ್ರಿ. ಮತ್ತೊಬ್ಬರ ಗಾಡ್ಯಾಗ ಅಲ್ಲ. ಅದೊಂದು ಮನಸಿನ್ಯಾಗ ಐತಿ." ಹುಡುಗಿಗೆ ಆಗಿನ್ನೂ ಗಂಡು ನೋಡುವ ಮಾತೂ ಇರಲಿಲ್ಲ.

ಕಾರು ಬಂತು, ಆದರೆ ಅದರಲ್ಲಿ ಕೂರುವವರು ಬರಲಿಲ್ಲ. ನಮ್ಮ ಗಂಡು ಮಾಸ್ತರರು, ಒಬ್ಬಂಟಿ ಹೆಂಗಸಿನ ಪಕ್ಕ ಕೂತರೆ ಊರು ಏನನ್ನುತ್ತದೋ ಎಂದು ಮಳೆಯಲ್ಲಿ ತೊಯ್ದುಕೊಂಡು ಬಸ್ಸಿಗೆ ಕಾದರು. ಹೆಡ್‌ಮಾಸ್ತರರಂತೂ ಒಮ್ಮೆ ಕಾರು ನಿಂತದ್ದನ್ನು ನೋಡಿ ಕಂಡೇ ಇಲ್ಲದವರಂತೆ ಛತ್ರಿಯನ್ನು ಆ ಕಡೆಗೇ ವಾಲಿಸಿದರು. ಹೆಣ್ಣುಮಕ್ಕಳನ್ನು ಅವರವರ ಗಂಡಂದಿರು ಬೈಕಿನಲ್ಲಿ ಬಿಡುತ್ತಿದ್ದರು. ನನ್ನ ಗಂಡನಿಗೆ ಅದೇ ದಾರಿಯ ರೈಸ್ ಮಿಲ್ಲಿನಲ್ಲಿ ಕೆಲಸ. ಹೀಗಾಗಿ ಆ ಕಾರಿನ ಹಿಂದಿನ ಸೀಟಿನಲ್ಲಿ ಡಾಕ್ಟರು ಹಾಕಿಸಿದ್ದ ಕವರು ಮಾಸಲೇ ಇಲ್ಲ.

ದೊಡ್ಡ ಗಾಲಿಯ ಕತೆ ಶುರುವಾದದ್ದು ಭತ್ತದ ನಾಟಿಯಿಂದ. ನಾಟಿಯ ದಿನಗಳಲ್ಲಿ ನಮ್ಮ ಕಾಲುವೆ ದಂಡೆಯ ರಸ್ತೆ ರಸ್ತೆಯಾಗಿ ಉಳಿಯುವುದಿಲ್ಲ. ಗದ್ದೆಯಿಂದ ಗದ್ದೆಗೆ ಹೋಗುವ ಟ್ರ್ಯಾಕ್ಟರುಗಳು ಕಬ್ಬಿಣದ ಗಾಲಿ ಸಮೇತ ರಸ್ತೆಗಿಳಿದು ಎರಡೂ ಬದಿ ತೋಡಿಬಿಡುತ್ತವೆ, ನಡುವೆ ಮಣ್ಣಿನ ದಿಬ್ಬ ಉಳಿಯುತ್ತದೆ. ಅಕ್ಕೋರ ಕಾರು ಆ ದಿಬ್ಬಕ್ಕೆ ಹೊಟ್ಟೆ ಉಜ್ಜಿಕೊಂಡು ಹೋಗುತ್ತಿತ್ತು. ಒಂದು ಬೆಳಿಗ್ಗೆ ಆ ದಿಬ್ಬದಲ್ಲಿ ಕಲ್ಲೊಂದಿತ್ತು. ಎಂಜಿನ್ನಿನ ಕೆಳಗಿನ ಆಯಿಲ್ ಚೇಂಬರ್ ಒಡೆದು, ಕಪ್ಪು ಎಣ್ಣೆಯೆಲ್ಲ ಕೆಸರಿಗೆ ಸುರಿಯಿತು. ನಾವು ಬೈಕಿನಲ್ಲಿ ಬರುವಾಗ ಅಕ್ಕೋರು ಛತ್ರಿ ಹಿಡಿದು ಕಾಲುವೆಯ ಕಡೆ ಮುಖ ಮಾಡಿ ನಿಂತಿದ್ದರು. "ನೀವು ಹೋಗ್ರಿ, ಪ್ರಾರ್ಥನಾಕ್ಕ ತಡಾ ಆಗತೈತಿ" ಎಂದು ನಮ್ಮನ್ನು ಸಾಗಹಾಕಿದರು.

ಮುಂದಿನ ಶನಿವಾರ ನಾನೇ ಹಟ ಮಾಡಿ ಅವರ ಜೊತೆ ಗಂಗಾವತಿಯ ಮಿಸ್ತ್ರಿಯ ಹತ್ತಿರ ಹೋದೆ. ಮಿಸ್ತ್ರಿ ಕಾರಿನ ಸುತ್ತ ಒಂದು ಸುತ್ತು ಬಂದು, ಗಾಲಿಯನ್ನು ಚಪ್ಪಲಿಯಿಂದ ಮೆಲ್ಲಗೆ ತಟ್ಟಿದ.

"ಇವು ಹನ್ನೆರಡು ಇಂಚಿನವು ಅದಾವ್ರಿ ಅಕ್ಕೋರ. ಹದಿಮೂರಿನ ಡಿಸ್ಕ್ ಹಾಕಿ, ಒಂದೀಟು ಎತ್ತರದ ಟೈರ್ ಏರಿಸಿದ್ರ ಗಾಡಿ ಮ್ಯಾಲ ಏಳತೈತಿ. ಹೊಟ್ಟಿ ತಾಗಂಗಿಲ್ಲ. ಆದ್ರ ಒಂದ್ ಮಾತು ಕೇಳತೀನಿ. ಹಿಂದ ಎಷ್ಟು ಮಂದಿ ಕುಂದ್ರತೀರಿ?"

"ಯಾಕ?"

"ಮಂದಿ ಕುಂತ್ರ ಗಾಡಿ ಕೆಳಗ ಇಳಿತೈತ್ರಿ. ಆವಾಗ ದೊಡ್ಡ ಟೈರ್ ಮ್ಯಾಲಿನ ಮಡ್‌ಗಾರ್ಡಿಗೆ ತಿಕ್ಕತೈತಿ. ಮನಿ ಮಂದಿ ಜಾಸ್ತಿ ಇದ್ರ ಇಷ್ಟು ಎತ್ತರದ್ದು ಬ್ಯಾಡ. ಸಣ್ಣದ ಹಾಕೋಣು."

"ಹಿಂದ ಯಾರೂ ಕುಂದ್ರಂಗಿಲ್ಲ."

"ಯಾರರ ಬರತಾರಲ್ರಿ, ಬೀಗರು ಬಿಜ್ಜರು?"

"ಇಲ್ಲಪ್ಪ. ನಾನೊಬ್ಬಾಕಿ."

"ಹಂಗಾದ್ರ ಆತು. ಒಬ್ರಿಗೆ ಬಿಲ್ಕುಲ್ ಬರೋಬರಿ ಕುಂದ್ರತೈತಿ."

ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ಅವರ ದನಿಯಲ್ಲಿ ಬೇಸರವೇನೂ ಇರಲಿಲ್ಲ. ಅಂಗಡಿಯಲ್ಲಿ ಕುಪ್ಪಸದ ಅಳತೆ ಕೇಳಿದರೆ ಹೇಳುವ ಹಾಗೆ ಹೇಳಿದ್ದರು. ಮಿಸ್ತ್ರಿ ಮಡ್‌ಗಾರ್ಡಿನ ಒಳ ಅಂಚನ್ನು ಸುತ್ತಿಗೆಯಿಂದ ಬಡಿದು ಮಡಚಿಕೊಡುತ್ತೇನೆ, ಆಗ ನಾಲ್ಕು ಮಂದಿ ಕೂತರೂ ನಡೆಯುತ್ತದೆ ಎಂದೂ ಹೇಳಿದ. ಅಕ್ಕೋರು ಒಪ್ಪಲಿಲ್ಲ. "ಸುಮ್ನ ಅದಕ್ಕ್ಯಾಕ ಬಡಿಯೂದು" ಎಂದರು. ಕಾರಿನ ಮೈಮೇಲೆ ಸುತ್ತಿಗೆ ಬೀಳುವುದನ್ನು ಅವರಿಗೆ ನೋಡಲಾಗುತ್ತಿರಲಿಲ್ಲ ಎಂದು ಕಾಣುತ್ತದೆ.

ದೊಡ್ಡ ಗಾಲಿ ಬಂದ ಮೇಲೆ ಕಾರಿಗೂ ಅವರಿಗೂ ಹೊಸ ರೂಢಿಗಳಾದವು. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಟೈರು ಒಳಗೆ ತಿಕ್ಕುವುದು, ಆದ್ದರಿಂದ ಅವರು ಎಲ್ಲೇ ಹೊರಳಬೇಕಾದರೂ ಎತ್ತಿನ ಬಂಡಿಯ ಹಾಗೆ ಅಗಲವಾದ ಸುತ್ತು ಹಾಕುತ್ತಿದ್ದರು. ಶಾಲೆಯ ಅಂಗಳದಲ್ಲಿ ಧ್ವಜದ ಕಟ್ಟೆಯನ್ನು ಬಳಸಿ ಬರಬೇಕು. ಅವರು ಬರುವ ಹೊತ್ತಿಗೆ ಜವಾನ ಗೊಣಗುತ್ತ ಸೈಕಲ್ಲುಗಳನ್ನು ಸರಿಸುತ್ತಿದ್ದ. ಸ್ಟೇರಿಂಗ್ ಜಡವಾಗಿದ್ದರಿಂದ ತಿರುಗಿಸುವಾಗ ಹೆಗಲು ಹಾಕುತ್ತಿದ್ದರು, ಕನ್ನಡಕ ಮೂಗಿನ ತುದಿಗೆ ಬರುತ್ತಿತ್ತು. ಮೀಟರು ತೋರಿಸುವುದಕ್ಕಿಂತ ಗಾಡಿ ಜೋರಾಗಿ ಓಡುತ್ತಿತ್ತು. ಗಾಲಿ ದೊಡ್ಡದಾದರೆ ಒಂದು ಸುತ್ತಿಗೆ ಹೆಚ್ಚು ದಾರಿ ಸಾಗುತ್ತದೆ, ಮೀಟರಿಗೆ ಅದು ತಿಳಿಯುವುದಿಲ್ಲ ಎಂದು ಮಿಸ್ತ್ರಿ ವಿವರಿಸಿದ್ದ. ಮೊದಲೇ ಬೇಗ ಬರುತ್ತಿದ್ದ ಅಕ್ಕೋರು ಇನ್ನೂ ಬೇಗ ಬಂದು, ಬಾಗಿಲು ತೆರೆಯದ ಸ್ಟಾಫ್ ರೂಮಿನ ಮುಂದೆ ಕಾರಿನಲ್ಲಿಯೇ ಕೂತಿರುತ್ತಿದ್ದರು.

ಒಂದು ಭಾನುವಾರ ನಮ್ಮ ಮನೆಯ ದಂಡೆಲ್ಲ ಟೆಂಪೋ ಮಾಡಿಕೊಂಡು ಆನೆಗೊಂದಿ ನೋಡಿ ಸಾಣಾಪುರದ ಕೆರೆಗೆ ಹೋಗಿದ್ದೆವು. ಮಕ್ಕಳು ಕಿರುಚುತ್ತಿದ್ದವು, ಅತ್ತೆ ಉಪ್ಪಿನಕಾಯಿ ಮರೆತದ್ದಕ್ಕೆ ನನ್ನನ್ನು ಬೈಯುತ್ತಿದ್ದರು. ನೋಡಿದರೆ ಬಂಡೆಯ ನೆರಳಿನಲ್ಲಿ ಆ ಬಿಳಿ ಕಾರು. ಅಕ್ಕೋರು ಕಾರಿನ ಒಳಗೇ ಕೂತು, ಡಬ್ಬಿಯನ್ನು ಸ್ಟೇರಿಂಗಿಗೆ ಆನಿಸಿಕೊಂಡು ರೊಟ್ಟಿ ತಿನ್ನುತ್ತಿದ್ದರು.

"ಯಾರಿಗರ ಕಾಯಾಕತ್ತೀರೇನ್ರಿ?" ಎಂದೆ.

"ಇಲ್ರಿ. ಭಾನುವಾರ ಗ್ಯಾರೇಜಿನ್ಯಾಗ ನಿಂತು ನಿಂತು ಬ್ಯಾಟರಿ ಇಳಿತೈತಿ. ಗಾಡಿ ಒಂದೀಟು ಅಡ್ಡಾಡಲಿ ಅಂತ ಬಂದೆ."

ನಮ್ಮ ಜೊತೆ ಊಟಕ್ಕೆ ಕರೆದೆ. ಬಂದರು. ಮಕ್ಕಳ ನಡುವೆ ಕೂತು, ಯಾರ ತಟ್ಟೆ ಖಾಲಿಯಾಯಿತೆಂದು ನೋಡಿ ನೋಡಿ ಬಡಿಸಿದರು. ನಮ್ಮ ಅತ್ತೆ ಅವರ ಹಣೆ ನೋಡಿ ಏನಾದರೂ ಅಂದುಬಿಟ್ಟಾರೆಂದು ನನಗೆ ಜೀವದಲ್ಲಿ ಜೀವವಿರಲಿಲ್ಲ. ಅತ್ತೆ ಅಕ್ಕೋರು ಬಡಿಸಿದ್ದನ್ನು ಉಂಡರು, ಇನ್ನಷ್ಟು ಹಾಕೆಂದೂ ಕೇಳಿದರು.

ಹುಡುಗಿಯ ಮದುವೆ ಗೊತ್ತಾಯಿತು. ಗಂಡಿನ ಊರು ಯಲಬುರ್ಗಾದ ಆಚೆ, ಕಪ್ಪು ಎರಿ ಭೂಮಿಯ ಹಳ್ಳಿ. ಮದುವೆ ಹುಡುಗಿಯ ತಂದೆಯ ಮನೆಯಲ್ಲಿ. ಅದೇ ಸಂಜೆ ಹೊತ್ತು ಮುಳುಗುವುದರೊಳಗೆ ಮದುಮಗಳು ಗಂಡನ ಮನೆ ತುಂಬಬೇಕು. ನಿಶ್ಚಿತಾರ್ಥದ ದಿನ ಅಕ್ಕೋರು ಅಡುಗೆ ಮನೆ ಬಿಟ್ಟು ಹೊರಗೆ ಬಂದಿರಲಿಲ್ಲವಂತೆ. ಗಂಡಿನ ಕಡೆಯವರಿಗೆ ಅವರ ಮುಖವೇ ಗೊತ್ತಿರಲಿಲ್ಲ. ಮದುವೆಗೆ ವಾರವಿರುವಾಗ ಅವರ ಅಕ್ಕನ ಗಂಡ ಫೋನ್ ಮಾಡಿದರು. ಮದುಮಗಳ ಗಾಡಿಗೆ ನಿನ್ನ ಕಾರು ಕೊಡು, ನಡೆಸಲು ಹುಡುಗನನ್ನು ನೋಡಿದ್ದೇನೆ, ನೀನು ಇಲ್ಲಿ ಅಕ್ಕನ ಜೊತೆ ಇದ್ದುಬಿಡು ಎಂದು. ಸ್ಟಾಫ್ ರೂಮಿನಲ್ಲಿ ಇದನ್ನು ಕೇಳಿ ನಾನು ಕೆರಳಿದೆ.

"ಕಾರ್ ಬೇಕು, ನೀವು ಬ್ಯಾಡೇನು?"

"ಕಾರಿಗೆ ಹಣಿ ಇರಂಗಿಲ್ಲಲ್ರಿ ಯವ್ವಾ" ಎಂದರು ಅಕ್ಕೋರು.

ಮದುವೆಗೆ ನಾನು ಅವರ ಜೊತೆ ಅದೇ ಕಾರಿನಲ್ಲಿ ಹೋದೆ. ದಾರಿಯಲ್ಲಿ ಒಮ್ಮೆ ಮಾತ್ರ ಆ ಸುದ್ದಿ ಎತ್ತಿದರು. "ಬಿಡಾಕ ಹೋಗೂದು ಆಗದಿದ್ರ ಹೋಗ್ಲಿ, ಆಕಿ ನನ್ನ ಗಾಡ್ಯಾಗರ ಹೋಗ್ತಾಳಲ್ಲ" ಎಂದರು.

ಅಕ್ಷತೆ ಬಿತ್ತು, ಊಟವಾಯಿತು. ಕಾರಿಗೆ ಚೆಂಡು ಹೂವಿನ ಸರ ಕಟ್ಟಿ, ಮುಂದೆ ಎರಡು ಬಾಳೆಗಿಡ ನಿಲ್ಲಿಸಿದ್ದರು. ನಡೆಸುವವನು ಟ್ರ್ಯಾಕ್ಟರ್ ಹೊಡೆಯುವ ನೆಂಟರ ಹುಡುಗ. ಅವನ ಪಕ್ಕ ಗಂಡಿನ ಕಾಕಾ. ಹಿಂದೆ ಮದುಮಗಳು, ಮದುಮಗ, ಮದುಮಗನ ತಂಗಿ, ಅವಳ ಜೊತೆ ತುಂಬಿದ ಕಳಸ ಹಿಡಿದು ಕೂರಬೇಕಾದ ಕಳಸಗಿತ್ತಿ. ಕಳಸಗಿತ್ತಿ ಮುತ್ತೈದೆಯೇ ಆಗಬೇಕು. ಹುಡುಗಿಯ ಸೋದರಮಾವನ ಹೆಂಡತಿ ಆ ಕೆಲಸಕ್ಕೆ ಸಿಂಗರಿಸಿಕೊಂಡು ಬಂದಿದ್ದರು. ಒಳ್ಳೆಯ ಹೆಂಗಸು, ಆದರೆ ಅಗಲವಾದ ಹೆಂಗಸು. ಅವರು ಕೂತ ಕೂಡಲೇ ಕಾರು ನಿಟ್ಟುಸಿರು ಬಿಟ್ಟು ಕೆಳಗಿಳಿಯಿತು. ಹಣಮಪ್ಪನ ಗುಡಿಯ ಮುಂದಿನ ಹಂಪ್ಸ್ ಹತ್ತಿಸಿದ್ದೇ ತಡ, ಘರ್ರ್ ಎಂದು ಸದ್ದಾಗಿ, ಸುಟ್ಟ ರಬ್ಬರಿನ ವಾಸನೆ ಬಂತು. ಬಾಜಾ ಭಜಂತ್ರಿ ನಿಂತಿತು.

ಹುಡುಗ ಇಳಿದು ಬಗ್ಗಿ ನೋಡಿದ. "ಟೈರ್ ತಿಕ್ಕತಾವ್ರಿ. ಯಾವ ಶ್ಯಾಣ್ಯಾ ಹಾಕ್ಯಾನ ಇಷ್ಟು ದೊಡ್ಡ ಗಾಲಿ? ನಾ ಅಂತೂ ಹೊಡ್ಯಾಂಗಿಲ್ಲ. ನಡು ಹಾದ್ಯಾಗ ಒಡದ್ರ ನನ್ ಮ್ಯಾಲ ಬರತೈತಿ."

ಬೀಗರ ಮುಂದೆ ಮರ್ಯಾದೆ ಹೋಯಿತೆಂದು ಅಕ್ಕೋರ ಭಾವ ಕೂಗಾಡತೊಡಗಿದರು. ಮದುಮಗಳನ್ನು ದಿಬ್ಬಣದ ಮಂದಿ ತುಂಬಿದ್ದ ಹಿಂದಿನ ಟ್ರ್ಯಾಕ್ಸ್ ಜೀಪಿಗೆ ಹತ್ತಿಸಿ ಎಂದು ಯಾರೋ ಅಂದರು. ಅಷ್ಟರಲ್ಲಿ ಮುದುಕಿಯೊಬ್ಬಳು ಗದರಿಸಿದಳು. "ಬಾಯಿ ಮುಚ್ರಿ. ಗಾಡಿ ಹತ್ತಿ ಹೊಂಟ ಮದುಮಗಳನ್ನ ನಡುವ ಇಳಸ್ತಾರೇನು? ಗಂಡನ ಊರ ಅಗಸಿ ಮುಟ್ಟೂತನಾ ಆಕಿ ಕಾಲು ನೆಲಕ್ಕ ತಾಗಬಾರದು." ಒಳಗಿನಿಂದ ಹುಡುಗಿಯೂ ಅಂದಳು, "ನಾ ಇಳಿಯಂಗಿಲ್ಲ."

ಹೆಂಗಸರ ಹಿಂದೆ ಗೋಡೆಗೆ ಒರಗಿ ನಿಂತಿದ್ದ ಅಕ್ಕೋರು ಮುಂದೆ ಬಂದರು. ಮುಖ ಕೆಂಪಾಗಿತ್ತು. "ತಪ್ಪು ನಂದ. ಒಬ್ಬಾಕಿ ಲೆಕ್ಕಕ್ಕ ಹಾಕಿಸಿದ ಗಾಲಿ ಅವು. ಹಿಂದ ಕುಂದ್ರಾವ್ರು ಇರ್ತಾರ ಅಂತ ನನಗ ಹೊಳೀಲ ಇಲ್ಲ. ಹಿಂದ ಇಬ್ರು, ಮುಂದ ಒಬ್ರು ಆದ್ರ ನಡಿತೈತಿ. ಹಂಪ್ಸಿಗೆ ಮೆಲ್ಲಕ ಓರೆ ಹತ್ತಿಸಬೇಕು, ಸ್ಟೇರಿಂಗ್ ಪೂರ್ತಿ ಎಳೀಬಾರದು. ನಾನ ಹೊಡೀತೀನಿ."

ಭಾವ ಅವರ ಹಣೆಯನ್ನೂ ಸೂರ್ಯನನ್ನೂ ಒಂದಾದ ಮೇಲೊಂದು ನೋಡಿದರು. ಸೂರ್ಯ ಇಳಿಯುತ್ತಿದ್ದ. ಗಂಡಿನ ಕಾಕಾ ತಾವೇ ಇಳಿದರು, ಮದುಮಗನ ತಂಗಿ ಇಳಿದಳು. ಉಳಿದದ್ದು ಮುಂದಿನ ಒಂದು ಸೀಟು ಮತ್ತು ಕಳಸ. ಸೋದರಮಾವನ ಹೆಂಡತಿ ಹಿಂದಿನಿಂದ ಇಳಿದು ಮುಂದೆ ಕೂರಲು ಹೋದರೆ, ಅಕ್ಕೋರು ಬೇಡವೆಂದು ತಲೆ ಅಲ್ಲಾಡಿಸಿದರು. ಆಮೇಲೆ ಎಲ್ಲರ ಕಣ್ಣು ನನ್ನ ಮೇಲೆ ಬಿತ್ತು. ನಾನು ಸಣಕಲಿ. ಕೊರಳಲ್ಲಿ ತಾಳಿ ಇತ್ತು, ಹಣೆಯಲ್ಲಿ ಕುಂಕುಮ ಇತ್ತು. ಆ ಮನೆಗೆ ಸಂಬಂಧವಿಲ್ಲದ, ಆ ಹುಡುಗಿಗೆ ಒಂದು ದಿನ ತಲೆ ಬಾಚದ ನನ್ನ ಕೈಗೆ ಕಳಸ ಬಂತು, ತೂಕ ಕಡಿಮೆ ಎಂಬ ಒಂದೇ ಕಾರಣಕ್ಕೆ.

ಆ ದಾರಿಯನ್ನು ನಾನು ಮರೆಯುವುದಿಲ್ಲ. ಅಕ್ಕೋರು ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಅದು ನೋಡು ಸಜ್ಜಿ ಹೊಲ, ಅದು ನೋಡು ಸೂರ್ಯಪಾನದ ಹೂವು, ನೀನು ಒಂಬತ್ತನೇ ಇಯತ್ತೆಯಲ್ಲಿದ್ದಾಗ ಇಲ್ಲೇ ಬಸ್ಸು ಕೆಟ್ಟು ನಿಂತಿದ್ದು ನೆನಪಿದೆಯಾ ಎಂದು ಒಂದೇ ಸಮನೆ. ಹಿಂದಿನಿಂದ ಹುಡುಗಿ, "ಚಿಗವ್ವ, ಎಡಕ್ಕ ತಗ್ಗೈತಿ", "ಚಿಗವ್ವ, ಮುಂದ ನೋಡು" ಎನ್ನುತ್ತಿದ್ದಳು, ಏಕೆಂದರೆ ಇವರು ರಸ್ತೆಗಿಂತ ಹೆಚ್ಚು ಕನ್ನಡಿಯನ್ನೇ ನೋಡುತ್ತಿದ್ದರು. ಮದುಮಗ ಪಾಪ, ಒಳ್ಳೆಯ ಹುಡುಗ, ಬಾಸಿಂಗ ತಲೆಗೆ ತಾಗೀತೆಂದು ಬಗ್ಗಿ ಕೂತು ನಗುತ್ತಿದ್ದ. ಡಾಂಬರು ಮುಗಿದು ಬಂಡಿ ದಾರಿ ಬಂತು. ಎರಿ ಮಣ್ಣಿನಲ್ಲಿ ಬಂಡಿ ಗಾಲಿ ಕೊರೆದ ಮೊಳದಷ್ಟು ಆಳದ ಚಾಕೋರಿ, ನಡುವೆ ದಿಬ್ಬ. ಕಾರು ಅದರ ಮೇಲೆ ಎಲ್ಲೂ ಹೊಟ್ಟೆ ಉಜ್ಜದೆ ಸಾಗಿತು. "ನೋಡ್ರಿ, ತಾಗಲಿಲ್ಲ" ಎಂದು ಅಕ್ಕೋರು ನನ್ನ ಕಡೆ ತಿರುಗಿ ನಕ್ಕರು. ಹಿಂದೆ ಟ್ರ್ಯಾಕ್ಸಿನವರು ಇಳಿದು ತಳ್ಳುತ್ತಿದ್ದರು.

ಹೊತ್ತು ಇನ್ನೂ ಇತ್ತು. ಊರ ಅಗಸಿ ಬಾಗಿಲ ಮುಂದೆ ಹಲಗಿ ಬಡಿಯುವವರು, ಹೆಂಗಸರು, ಸೊಸೆಯನ್ನು ತುಂಬಿಸಿಕೊಳ್ಳಲೆಂದು ಮದುವೆಗೆ ಬಾರದೆ ಉಳಿದು ಈಗ ಆರತಿ ತಟ್ಟೆ ಹಿಡಿದಿದ್ದ ಗಂಡಿನ ತಾಯಿ. ಕಾರು ಅಲ್ಲಿಗೇ ನಿಲ್ಲಬೇಕು. ಅಲ್ಲಿಂದ ಮನೆಯವರೆಗೆ ನಡಿಗೆ. ನಾನು ಕಳಸ ಹಿಡಿದು ಇಳಿದೆ, ಮದುಮಕ್ಕಳು ಇಳಿದರು. ಆ ತಾಯಿ ಆರತಿ ಮಾಡಿ, ಮುಖದ ತುಂಬ ನಗು ತುಂಬಿಕೊಂಡು ಕಾರಿನ ಕಿಟಕಿಗೆ ಬಗ್ಗಿದರು.

"ಯಾರವ್ವಾ ನೀನು? ಹೆಣ್ಮಗಳು ಗಾಡಿ ಹೊಡಕೊಂಡು ಬಂದೀಯಲ್ಲ! ಹುಡುಗಿಗೆ ಏನಾಗಬೇಕು?"

ಹುಡುಗಿ ಬಾಯಿ ತೆರೆದಳು. ಅಕ್ಕೋರು ಅವಳ ಕಡೆಗೊಮ್ಮೆ ನೋಡಿ, "ಏನೂ ಆಗಬೇಕಿಲ್ರಿ. ನಾ ಡ್ರೈವರ್" ಎಂದರು.

ಆ ತಾಯಿಯ ಕಣ್ಣು ಆಗ ಅವರ ಹಣೆಗೆ ಹೋಯಿತು, ಕೊರಳಿಗೆ ಹೋಯಿತು. ಆರತಿ ತಟ್ಟೆ ಅವರಿಗೇ ತಿಳಿಯದಂತೆ ಹಿಂದೆ ಸರಿಯಿತು. ಕೆಟ್ಟವರಲ್ಲ ಅವರು. ಡ್ರೈವರಿಗೆ ಕೊಡಬೇಕೆಂದು ತಂದಿಟ್ಟುಕೊಂಡಿದ್ದ ತೆಂಗಿನಕಾಯಿಯನ್ನೂ ಒಂದು ಟವೆಲ್ಲನ್ನೂ ಕಿಟಕಿಯಿಂದ ಕೊಟ್ಟರು. ಗಂಡಸರು ಹೆಗಲ ಮೇಲೆ ಹಾಕಿಕೊಳ್ಳುವ ಟವೆಲ್ಲು. ಅಕ್ಕೋರು ಎರಡೂ ಕೈಯಿಂದ ತೆಗೆದುಕೊಂಡರು. ಹುಡುಗಿ ತೆರೆದ ಬಾಯಿ ಮುಚ್ಚಿದಳು. ಮದುಮಗ ತನ್ನ ಕಾಲು ನೋಡಿಕೊಂಡ. ಹಲಗಿ ಶುರುವಾಯಿತು, ನನ್ನನ್ನು ಮುಂದೆ ನಡೆ ಎಂದರು. ಕಳಸ ಹಿಡಿದವಳು ಹಿಂದೆ ನೋಡುವಂತಿಲ್ಲ.

ಮದುಮಗಳು ಅಕ್ಕಿಯ ಸೇರು ಒದ್ದು, ಮನೆ ತುಂಬಿಸುವ ಶಾಸ್ತ್ರ ಮುಗಿದು, ಎಲೆ ಅಡಿಕೆ ಹಂಚಿ, ಬಲವಂತಕ್ಕೆ ಎರಡು ತುತ್ತು ತಿಂದು ನಾನು ಹೊರಬರುವಾಗ ದೀಪ ಹಚ್ಚಿದ್ದರು. ಕಾರು ಅಗಸಿಯ ಹೊರಗೆ ನಾನು ಬಿಟ್ಟ ಜಾಗದಲ್ಲಿಯೇ ಇತ್ತು. ಎಂಜಿನ್ ಚಾಲೂ ಇತ್ತು. ಅವಸರದಲ್ಲಿದ್ದಾರೆಂದುಕೊಂಡು ಓಡಿ ಬಂದು ಕೂತೆ.

ಬಂಡಿ ದಾರಿ ದಾಟುವವರೆಗೆ ತಡೆದುಕೊಂಡೆ. ಆಮೇಲೆ ಸಿಡಿದೆ. "ಯಾಕ ಹಂಗಂದ್ರಿ? ಹೋಗ್ಲಿ, ಆ ಹುಡುಗಿಗರ ಬಾಯಿ ಇರಲಿಲ್ಲೇನು? ಇಷ್ಟು ವರ್ಷ ಹೊಟ್ಟಿಗೆ ಹಾಕೀರಿ."

"ಸುಮ್ನಿರು ಅಂತ ನಾನ ಕಣ್ಣಾಗ ಹೇಳೀನಿ. ಹೊಸಾ ಮನಿ. ಮೊದಲನೇ ದಿನಾನ ಆಕಿ ಮ್ಯಾಲ ಮಾತು ಬ್ಯಾಡ. ನಾ ಹೇಳಿದ್ದ ಕೇಳ್ಯಾಳ. ಛಲೋ ಮಾಡ್ಯಾಳ."

ಅವರು, "ಆತು ಬಿಡ್ರಿ" ಎನ್ನುತ್ತಾರೆಂದು ಕಾದೆ. ಅನ್ನಲಿಲ್ಲ. ಕುಷ್ಟಗಿಯ ದೊಡ್ಡ ರಸ್ತೆ ಸಿಕ್ಕ ಮೇಲೆ, ಎದುರಿನ ಲಾರಿಗಳ ಬೆಳಕು ನೋಡುತ್ತ ತಾವಾಗಿಯೇ ಬಾಯಿ ಬಿಟ್ಟರು.

"ನೀವೆಲ್ಲಾ ಹಲಗಿ ಕೂಡ ನಡದ್ರಿ. ನಾ ಗಾಡಿ ಚಾಲೂ ಮಾಡಿದ್ನಿ. ಖರೆ ಅಂದ್ರ, ಗೇರ್ ಹಾಕಲಿಲ್ಲ. ಆಕಿ ಹೊಳ್ಳಿ ಬಂದು, ಡ್ರೈವರ್ ಅಲ್ಲ, ಈಕಿ ನಮ್ಮ ಚಿಗವ್ವ ಅಂತ ಅಂದಾಳೇನೋ ಅಂತ ಹಂಗ ಕುಂತಿದ್ನಿ."

"ಎಷ್ಟೊತ್ತು?" ಎಂದೆ.

"ನೀವು ಬರೂತನಾ" ಎಂದರು.